ಹಳೇ ತಾರೀಖಿಗೆ ಬಿಲ್ ಹಾಕಬಹುದಾ?

ಪೀಣ್ಯದಲ್ಲಿ ಒಂದು ಫ್ಯಾಕ್ಟರಿ ಬೆಳೆದಿದೆ ಅನ್ನೋದಕ್ಕೆ ಗುರುತು ಒಂದೇ. ಯಜಮಾನರು ಒಂದು ಸೋಮವಾರ ಎಲ್ಲರನ್ನೂ ಕೂರಿಸಿಕೊಂಡು, ‘ಇನ್ಮೇಲೆ ನಮಗೂ ಇಆರ್‌ಪಿ ಬೇಕು’ ಅಂತಾರೆ. ಇಆರ್‌ಪಿ ಅಂದರೆ ಲೆಕ್ಕ, ಸ್ಟಾಕ್, ಪ್ರೊಡಕ್ಷನ್ ಎಲ್ಲವನ್ನೂ ಒಂದೇ ಕಡೆ ನೋಡಿಕೊಳ್ಳುವ ಸಾಫ್ಟ್‌ವೇರ್. ಯಾಕೆ ಅಂತ ಯಾರೂ ಕೇಳುವುದಿಲ್ಲ. ಹಿಂದಿನ ಕ್ರಾಸ್‌ನವರು ತಗೊಂಡಿದ್ದಾರೆ, ಸಾಲದಾ?

ಅಲ್ಲಿವರೆಗೆ ಆ ಫ್ಯಾಕ್ಟರಿ ಹೇಗೆ ನಡೆಯುತ್ತಿತ್ತು ಅಂತೀರಾ? ಲೆಕ್ಕ ಟ್ಯಾಲಿಯಲ್ಲಿ, ಸ್ಟಾಕ್ ಸ್ಟೋರ್ಸ್‌ನವರ ಉದ್ದ ನೋಟ್‌ಬುಕ್ಕಿನಲ್ಲಿ, ಪ್ರೊಡಕ್ಷನ್ ಪ್ಲಾನ್ ವಾಟ್ಸಾಪ್ ಗ್ರೂಪಿನಲ್ಲಿ, ಉಳಿದದ್ದೆಲ್ಲ ಎಕ್ಸೆಲ್‌ನಲ್ಲಿ, ಎಕ್ಸೆಲ್‌ಗೂ ಸಿಗದೇ ಇದ್ದದ್ದು ಯಜಮಾನರ ತಲೆಯಲ್ಲಿ. ನಡೆಯುತ್ತಿತ್ತು. ಚೆನ್ನಾಗಿಯೇ ನಡೆಯುತ್ತಿತ್ತು, ಅದಕ್ಕೇ ಅಲ್ವಾ ಬೆಳೆದದ್ದು.

ತಕ್ಷಣ ಒಂದು ಕಮಿಟಿ ಆಗುತ್ತದೆ. ಅಕೌಂಟ್ಸ್ ಮೇಡಂ, ಪ್ರೊಡಕ್ಷನ್ ಮ್ಯಾನೇಜರ್, ಎಂಬಿಎ ಮುಗಿಸಿ ಬಂದಿರುವ ಯಜಮಾನರ ಮಗ, ಜೊತೆಗೆ ಯಾವ ವಿಭಾಗಕ್ಕೂ ಸೇರದೆ ಎಲ್ಲ ಮೀಟಿಂಗಿಗೂ ಬರುವ ಯಜಮಾನರ ಭಾಮೈದ. ಸ್ಟೋರ್ಸ್‌ನ ಹಿರಿಯರನ್ನು ಕರೆಯುವುದಿಲ್ಲ. ಮುಂದೆ ದಿನಾ ಆ ಸಾಫ್ಟ್‌ವೇರ್‌ಗೆ ಎಂಟ್ರಿ ಹಾಕಬೇಕಾದವರು ಅವರೇ. ಆದರೆ ಮೀಟಿಂಗ್ ನಡೆಯುವಾಗ ಗೇಟಿನಲ್ಲಿ ಮೆಟೀರಿಯಲ್ ಇಳಿಸಿಕೊಳ್ಳುವುದಕ್ಕೆ ಯಾರಾದರೂ ಬೇಕಲ್ಲ.

ಕಮಿಟಿಯ ಮೊದಲ ಕೆಲಸ, ಏನೇನು ಬೇಕು ಅಂತ ಪಟ್ಟಿ ಮಾಡುವುದು. ಎಕ್ಸೆಲ್‌ನಿಂದ ಬಿಡುಗಡೆ ಪಡೆಯುವುದು ಹೇಗೆ ಅನ್ನುವ ಪಟ್ಟಿಯನ್ನು ಎಕ್ಸೆಲ್‌ನಲ್ಲೇ ಮಾಡುತ್ತಾರೆ. ಮಗ ಇಂಟರ್‌ನೆಟ್ಟಿನಿಂದ ಒಂದು ನಮೂನೆ ಇಳಿಸಿರುತ್ತಾನೆ. ಅದರಲ್ಲಿ ನೂರಾರು ಸಾಲು. ಹಲವು ದೇಶಗಳ ಕರೆನ್ಸಿ ನಿಭಾಯಿಸುತ್ತದಾ? ಅರೇಬಿಕ್‌ನಲ್ಲಿ ಇನ್‌ವಾಯ್ಸ್ ಬರುತ್ತದಾ? ಫ್ಯಾಕ್ಟರಿಯ ಮಾಲು ಹೊಸೂರು ದಾಟಿದ್ದೇ ಅಪರೂಪ. ಇರಲಿ, ನಾಳೆ ಬೇಕಾಗಬಹುದು ಅಂತ ಭಾಮೈದ ಹೇಳಿದ ಮೇಲೆ ಮುಗಿಯಿತು.

ಈ ಪಟ್ಟಿ ಇಆರ್‌ಪಿ ಮಾರುವ ಎಲ್ಲ ಕಂಪನಿಗಳಿಗೂ ಹೋಗುತ್ತದೆ, ಭರ್ತಿಯಾಗಿ ವಾಪಸ್ ಬರುತ್ತದೆ. ಎಲ್ಲ ಸಾಲಿಗೂ, ಎಲ್ಲ ಕಂಪನಿಯವರಿಂದಲೂ, ಹೌದು ಅನ್ನುವುದೇ ಉತ್ತರ. ಆದರೆ ಆ ಹೌದಿನಲ್ಲಿ ಜಾತಿಗಳಿವೆ. ಬರೀ ‘ಹೌದು’ ಅಂದರೆ ಇದೆ. ‘ಹೌದು, ಕಾನ್ಫಿಗರ್ ಮಾಡಬೇಕು’ ಅಂದರೆ ಇದೆ, ಎಲ್ಲಿದೆ ಅಂತ ನಮಗೂ ಗೊತ್ತಿಲ್ಲ. ‘ಹೌದು, ಕಸ್ಟಮೈಸ್ ಮಾಡಬಹುದು’ ಅಂದರೆ ಇಲ್ಲ, ದುಡ್ಡು ಕೊಟ್ಟರೆ ಬರೆದುಕೊಡುತ್ತೇವೆ. ‘ಮುಂದಿನ ರಿಲೀಸ್‌ನಲ್ಲಿ ಬರುತ್ತದೆ’ ಅಂದರೆ ನಿಮ್ಮ ಮಗನ ಮಗ ಬಳಸುತ್ತಾನೆ. ಅಕೌಂಟ್ಸ್ ಮೇಡಂ ನಾಲ್ಕಕ್ಕೂ ಒಂದೊಂದು ಮಾರ್ಕ್ ಹಾಕಿ ಕೂಡುತ್ತಾರೆ. ಎಲ್ಲರದ್ದೂ ಹೆಚ್ಚುಕಮ್ಮಿ ಒಂದೇ ಮೊತ್ತ ಬರುತ್ತದೆ. ಮಗನಿಗೆ ಇಷ್ಟವಾದದ್ದು ಗೆಲ್ಲುವ ತನಕ ಪರ್ಸೆಂಟೇಜ್ ತಿದ್ದುವುದಕ್ಕೆ ವೆಯ್ಟೇಜ್ ಅಂತ ಹೆಸರು.

ಆಮೇಲೆ ಡೆಮೊ. ಇದನ್ನು ನೋಡಿಯೇ ಅನುಭವಿಸಬೇಕು.

ಇಆರ್‌ಪಿ ಲೋಕದಲ್ಲಿ ಎಲ್ಲರೂ ಸೈಕಲ್ ಮಾಡುತ್ತಾರೆ, ಗಮನಿಸಿದ್ದೀರಾ? ತೋರಿಸುವುದಕ್ಕೆ ಅಂತಲೇ ಮೈಕ್ರೋಸಾಫ್ಟ್ ಹುಟ್ಟಿಸಿದ ಹೆಸರುವಾಸಿ ಕಾಲ್ಪನಿಕ ಕಂಪನಿ ಅಡ್ವೆಂಚರ್ ವರ್ಕ್ಸ್ ಮಾರುವುದು ಸೈಕಲ್. ಕಾಲೇಜುಗಳಲ್ಲಿ ಎಸ್‌ಎಪಿ ಅನ್ನೋ ದೊಡ್ಡ ಇಆರ್‌ಪಿ ಕಲಿಸುವುದಕ್ಕೆ ಇಟ್ಟುಕೊಂಡಿರುವ ಗ್ಲೋಬಲ್ ಬೈಕ್ ಅನ್ನೋ ಕಂಪನಿಯದ್ದೂ ಸೈಕಲ್ಲೇ. ಬೆಲ್ಜಿಯಂನ ಇಆರ್‌ಪಿ ಓಡೂ ಸ್ವಲ್ಪ ಬೇರೆ ದಾರಿ ಹಿಡಿದು ಡೆಮೊದಲ್ಲಿ ಮೇಜು ಕುರ್ಚಿ ಮಾರುತ್ತದೆ. ಸೈಕಲ್ ಅಂದರೆ ಎಷ್ಟು ಸುಖ ನೋಡಿ. ಎರಡು ಚಕ್ರ, ಒಂದು ಫ್ರೇಮ್, ಒಂದು ಸೀಟು. ಯಾವತ್ತೂ ರಿಜೆಕ್ಷನ್ ಇಲ್ಲ, ಕರೆಂಟ್ ಹೋಗುವುದಿಲ್ಲ, ಆಯುಧಪೂಜೆ ಮುಗಿಸಿ ಊರಿಗೆ ಹೋದ ಆಪರೇಟರ್ ವಾರವಾದರೂ ಬರಲಿಲ್ಲ ಅನ್ನುವ ಗೋಳಿಲ್ಲ. ಟೈ ಕಟ್ಟಿಕೊಂಡು ಬಂದ ಹುಡುಗ ಒಂದು ಬಟನ್ ಒತ್ತಿದರೆ ಆರ್ಡರ್, ಇನ್ನೊಂದು ಒತ್ತಿದರೆ ಸೈಕಲ್, ಮೂರನೆಯದಕ್ಕೆ ಲಾಭ. ಸ್ಕ್ರೀನಿನ ಮೇಲೆ ಒಂದು ದುಂಡನೆಯ ಚಾರ್ಟ್ ತಿರುಗುತ್ತದೆ. ಯಜಮಾನರು ಚಾರ್ಟ್ ನೋಡಿ ಕರಗಿಹೋಗುತ್ತಾರೆ. ಅವರಿಗೆ ಆ ಬಣ್ಣ ಸಾಕು.

ಈಗ ಪೀಣ್ಯದ ನಿಜವಾದ ಒಂದು ದಿನ ಹೇಳುತ್ತೇನೆ ಕೇಳಿ. ಸಣ್ಣ ಸಣ್ಣ ಪಾರ್ಟುಗಳನ್ನು ಜಿಂಕ್ ಪ್ಲೇಟಿಂಗಿಗೆ ಜಾಬ್ ವರ್ಕ್ ಅಂತ ಹೊರಗೆ ಕಳಿಸುತ್ತಾರೆ. ಹೋಗುವಾಗ ಡೆಲಿವರಿ ಚಲನ್ನಿನಲ್ಲಿ ಎಣಿಕೆ ಬರೆದಿರುತ್ತದೆ. ಪ್ಲೇಟಿಂಗಿನವರು ದುಡ್ಡು ತಗೊಳ್ಳೋದು ಕೆಜಿ ಲೆಕ್ಕದಲ್ಲಿ, ಹಾಗಾಗಿ ಮಾಲು ವಾಪಸ್ ಬರುವುದೂ ತೂಕದಲ್ಲಿ. ಪ್ಲೇಟಿಂಗ್ ಆದ ಮೇಲೆ ತೂಕ ಚೂರು ಜಾಸ್ತಿಯಾಗಿರುತ್ತದೆ ಬೇರೆ. ನಡುವೆ ಒಂದಷ್ಟು ಬ್ಯಾರೆಲ್‌ನಲ್ಲಿ ಉಳಿದಿರುತ್ತದೆ, ಒಂದಷ್ಟು ಬೇರೆ ಫ್ಯಾಕ್ಟರಿಯವರ ಮೂಟೆ ಸೇರಿರುತ್ತದೆ. ಜಿಎಸ್‌ಟಿ ಕಾನೂನಿನ ಪ್ರಕಾರ ಹೀಗೆ ಕಳಿಸಿದ ಮಾಲು 1 ವರ್ಷದೊಳಗೆ ವಾಪಸ್ ಬರಬೇಕು. ಬರದಿದ್ದರೆ ಕಳಿಸಿದ ದಿನವೇ ಮಾರಿದ್ದೀರಿ ಅಂತ ಲೆಕ್ಕ. ಎಷ್ಟು ಹೋಯಿತು, ಎಷ್ಟು ಬಂತು, ಎಷ್ಟು ಬಾಕಿ ಅಂತ ಇಡೀ ಫ್ಯಾಕ್ಟರಿಯಲ್ಲಿ ಹೇಳಬಲ್ಲವರು ಒಬ್ಬರೇ, ಆ ಸ್ಟೋರ್ಸ್‌ನ ಹಿರಿಯರು. ಒಂದು ಹಿಡಿ ಪಾರ್ಟ್ ತಕ್ಕಡಿಗೆ ಹಾಕಿ, ನೋಟ್‌ಬುಕ್ ಮಗುಚಿ ಹೇಳುತ್ತಾರೆ.

‘ಎಣಿಸಿ ಕಳಿಸಿದ್ದು ತೂಕದಲ್ಲಿ ಬಂದರೆ ನಿಮ್ಮ ಸಾಫ್ಟ್‌ವೇರ್ ಏನು ಮಾಡುತ್ತೆ, ತೋರಿಸಪ್ಪಾ.’ ಈ ಒಂದು ಪ್ರಶ್ನೆ ಕೇಳಿದ್ದರೆ ಅರ್ಧ ಟೈಗಳು ಅಲ್ಲೇ ಸಡಿಲವಾಗುತ್ತಿದ್ದವು. ಕೇಳಬಲ್ಲವರು ಗೇಟಿನಲ್ಲಿದ್ದರು. ಒಳಗಿದ್ದವರು ಅರೇಬಿಕ್ ಇನ್‌ವಾಯ್ಸ್ ನೋಡುತ್ತಿದ್ದರು.

ಇನ್ನು ರೇಟಿನ ವಿಷಯ. ದನದ ಜಾತ್ರೆಯಲ್ಲಿ ದಲ್ಲಾಳಿಗಳು ಟವೆಲ್ ಕೆಳಗೆ ಬೆರಳು ಹಿಡಿದು ಎತ್ತಿನ ವ್ಯಾಪಾರ ಮಾಡುತ್ತಾರಲ್ಲ, ದೊಡ್ಡ ಇಆರ್‌ಪಿಗಳ ದರವೂ ಹಾಗೇ. ಎಲ್ಲೂ ಬರೆದಿರುವುದಿಲ್ಲ. ಮೊದಲು ಹೇಳಿದ್ದು ಒಂದು, ಮಾರ್ಚ್ ಕೊನೆಯ ವಾರ ಟಾರ್ಗೆಟ್ ಮುಟ್ಟಬೇಕಾದಾಗ ಹೇಳುವುದು ಇನ್ನೊಂದು. ‘ಇವತ್ತು ಸಂಜೆಯೊಳಗೆ ಸೈನ್ ಮಾಡಿದರೆ ಮಾತ್ರ ಸಾರ್’ ಅನ್ನುತ್ತಾರೆ. ಆ ಸಂಜೆ ವಾರಕ್ಕೊಮ್ಮೆ ಬರುತ್ತದೆ. ಮೇಲಾಗಿ ಲೈಸೆನ್ಸ್ ಬೇರೆ, ಇಂಪ್ಲಿಮೆಂಟೇಷನ್ ಬೇರೆ, ವರ್ಷ ವರ್ಷದ ನಿರ್ವಹಣೆಯ ಎಎಂಸಿ ಬೇರೆ.

ಪಾಪ, ಈ ಪೇಚಾಟದಲ್ಲಿ ಎಲ್ಲರಿಗಿಂತ ಜಾಸ್ತಿ ಅವಮಾನ ಆಗುವುದು ಮುಂಬೈನ ಇಆರ್‌ಪಿನೆಕ್ಸ್ಟ್‌ಗೆ. ಅದು ಓಪನ್ ಸೋರ್ಸ್, ಲೈಸೆನ್ಸ್‌ಗೆ ದುಡ್ಡಿಲ್ಲ. ಯಾರಾದರೂ ಹಾಗಂತ ಹೇಳಿದ ತಕ್ಷಣ ಯಜಮಾನರ ಮುಖ ಸಣ್ಣಗಾಗುತ್ತದೆ. ‘ಫ್ರೀ ಕೊಡ್ತಾರೆ ಅಂದ್ರೆ ಏನೋ ಇದೆ ಬಿಡ್ರಿ.’ ಕೂರಿಸಿ ನಡೆಸುವುದಕ್ಕೆ ದುಡ್ಡು ಬೇಕಾಗುತ್ತೆ ಸಾರ್ ಅಂತ ಸಮಾಧಾನ ಮಾಡಿದರೂ ಕೇಳುವುದಿಲ್ಲ. ದುಡ್ಡು ಕೊಡದೇ ಇದ್ದರೆ ಹಿಂದಿನ ಕ್ರಾಸ್‌ನವರಿಗೆ ಹೇಳಿಕೊಳ್ಳುವುದು ಏನನ್ನು? ಅವರು ಜರ್ಮನಿಯದ್ದು ಹಾಕಿಸಿದ್ದಾರೆ! 1972ರಲ್ಲಿ ಐಬಿಎಂ ಬಿಟ್ಟು ಬಂದ ಐದು ಜನ ಕಟ್ಟಿದ ಕಂಪನಿ ಎಸ್‌ಎಪಿ. ಅದರ ದೊಡ್ಡ ಕಚೇರಿ ವೈಟ್‌ಫೀಲ್ಡ್‌ನಲ್ಲೇ ಇದೆ. ಆದರೂ ನಮ್ಮವರ ಬಾಯಲ್ಲಿ ಅದು ಜರ್ಮನಿಯದ್ದೇ. ಟ್ಯಾಲಿ 1986ರಿಂದ ಇದೇ ಬೆಂಗಳೂರಲ್ಲಿ ಬೆಳೆದದ್ದು, ಅದಕ್ಕೇ ಅದಕ್ಕೆ ಬೆಲೆ ಕಮ್ಮಿ.

ಕನ್ಸಲ್ಟೆಂಟ್ ಮಹಾಶಯರು ಆಗಾಗ ಹೆದರಿಸುವುದಕ್ಕೆ ಕೆಲವು ಕಥೆ ಇಟ್ಟುಕೊಂಡಿರುತ್ತಾರೆ. ಕಥೆಗಳು ನಿಜ. ಅಮೆರಿಕದ ಚಾಕೊಲೇಟ್ ಕಂಪನಿ ಹರ್ಷೀಸ್ 1999ರಲ್ಲಿ ಹೊಸ ಸಿಸ್ಟಮ್ ಶುರು ಮಾಡಿತು. ಸರಿಯಾಗಿ ಹ್ಯಾಲೋವೀನ್ ಹಬ್ಬದ ಹೊತ್ತಿಗೆ ಗೋಡೌನಿನಲ್ಲಿ ಚಾಕೊಲೇಟ್ ಇತ್ತು, ಅಂಗಡಿಗೆ ಕಳಿಸುವುದಕ್ಕೆ ಆಗಲಿಲ್ಲ. ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್ ನಗರಸಭೆ ಎಸ್‌ಎಪಿ ಬಿಟ್ಟು ಒರಾಕಲ್‌ಗೆ ಹೋಯಿತು, 2022ರ ಏಪ್ರಿಲ್‌ನಲ್ಲಿ ಶುರು ಮಾಡಿತು, ಆಮೇಲೆ ತನ್ನ ಲೆಕ್ಕ ತನಗೇ ಸಿಗದೆ ಒದ್ದಾಡಿತು. ನನಗೆ ಇಷ್ಟವಾದದ್ದು ಜರ್ಮನಿಯ ಲಿಡ್ಲ್ ಕಥೆ. ದೊಡ್ಡ ಸೂಪರ್‌ಮಾರ್ಕೆಟ್ ಅದು. ಸ್ಟಾಕನ್ನು ಕೊಂಡ ಬೆಲೆಯಲ್ಲಿ ಲೆಕ್ಕ ಇಡುವುದು ಅವರ ಹಳೇ ಪದ್ಧತಿ. ತಗೊಂಡ ಎಸ್‌ಎಪಿ ಸಾಫ್ಟ್‌ವೇರ್ ಮಾರುವ ಬೆಲೆಯಲ್ಲಿ ಇಡುತ್ತಿತ್ತು. ಪದ್ಧತಿ ಬಿಡಲ್ಲ ಅಂದರು, ಸಾಫ್ಟ್‌ವೇರನ್ನೇ ತಿದ್ದುತ್ತಾ ಹೋದರು, ಏಳು ವರ್ಷ ತಿದ್ದಿ 2018ರಲ್ಲಿ ಇಡೀ ಯೋಜನೆಯನ್ನೇ ಕೈಬಿಟ್ಟರು. ಹೋದದ್ದು ಸುಮಾರು 50 ಕೋಟಿ ಯೂರೋ ಅಂತ ಪತ್ರಿಕೆಗಳು ಬರೆದವು.

ಇದನ್ನು ಕೇಳಿ ನಮ್ಮ ಭಾಮೈದ ಏನಂದರು ಅಂದುಕೊಂಡಿರಿ? ‘ನೋಡಿ ಭಾವ, ಅವರೂ ತಮ್ಮ ಪದ್ಧತಿ ಬಿಡಲಿಲ್ಲ.’

ಪದ್ಧತಿ ಅಂದಾಗಲೇ ಕೊನೆಗೂ ಯಜಮಾನರ ಮನಸ್ಸಿನಲ್ಲಿದ್ದ ಪ್ರಶ್ನೆ ಹೊರಗೆ ಬರುವುದು. ಎಲ್ಲ ಡೆಮೊ ಮುಗಿದಿರುತ್ತದೆ, ಎಲ್ಲರೂ ಚೇರಿಂದ ಎದ್ದಿರುತ್ತಾರೆ, ಕಾಫಿ ಲೋಟ ಖಾಲಿಯಾಗಿರುತ್ತದೆ. ಆಗ ಯಜಮಾನರು ಸೇಲ್ಸ್ ಹುಡುಗನನ್ನು ಬಾಗಿಲ ಹತ್ತಿರ ಕರೆದು ದನಿ ತಗ್ಗಿಸಿ ಕೇಳುತ್ತಾರೆ: ‘ಹಳೇ ತಾರೀಖಿಗೆ ಬಿಲ್ ಹಾಕಬಹುದಾ?’

ಪಟ್ಟಿಯ ನೂರಾರು ಸಾಲಿನಲ್ಲಿ ಈ ಸಾಲು ಇರಲಿಲ್ಲ. ಇಡೀ ಆಯ್ಕೆ ನಿಂತಿದ್ದದ್ದು ಇದರ ಮೇಲೆ. ಮಾರ್ಚ್ 31ಕ್ಕೆ ಆಗಬೇಕಾದ ಮಾರಾಟ ಏಪ್ರಿಲ್ 4ಕ್ಕೆ ಆದರೆ ಮನುಷ್ಯ ಏನು ಮಾಡಬೇಕು ಹೇಳಿ? ಬ್ಯಾಂಕಿಗೆ ತೋರಿಸಿದ ಸ್ಟಾಕ್ ಶೆಡ್ಡಿನಲ್ಲಿ ಇರದೇ ಹೋದರೆ? ಇಷ್ಟು ವರ್ಷ ಸುಮ್ನೆ ಒಂದು ಎಂಟ್ರಿ ಅಳಿಸಿ ಇನ್ನೊಂದು ಹಾಕಿದರೆ ಆಗುತ್ತಿತ್ತು.

ಸರ್ಕಾರ ಇದಕ್ಕೂ ಕಲ್ಲು ಹಾಕಿದೆ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಪ್ರತಿ ತಿದ್ದುಪಡಿಯೂ ದಾಖಲಾಗಬೇಕು, ಆ ದಾಖಲೆಯನ್ನು ಆಫ್ ಮಾಡುವ ಹಾಗಿಲ್ಲ. ಟ್ಯಾಲಿಯಲ್ಲೂ ಎಡಿಟ್ ಲಾಗ್ ಬಂತು. 5 ಕೋಟಿ ಮೀರಿದ ವಹಿವಾಟಿಗೆ ಇ-ಇನ್‌ವಾಯ್ಸ್ ಬೇರೆ, ಅಂದರೆ ಬಿಲ್ಲನ್ನು ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಿಸಬೇಕು. ಅದನ್ನು ಪೋರ್ಟಲ್‌ನಲ್ಲಿ ರದ್ದು ಮಾಡುವುದಕ್ಕೆ 24 ಗಂಟೆ ಅವಕಾಶ, ಆಮೇಲೆ ಇಲ್ಲ. ಹಾಗಾಗಿ ಸೇಲ್ಸ್ ಹುಡುಗ ಹೆಮ್ಮೆಯಿಂದ ಹೇಳುತ್ತಾನೆ: ‘ಸಾರ್, ನಮ್ಮಲ್ಲಿ ಯಾರು, ಯಾವಾಗ, ಏನು ಬದಲಾಯಿಸಿದ್ರು ಅಂತ ಸೆಕೆಂಡ್ ಸಮೇತ ಬರುತ್ತೆ.’ ಆ ಹುಡುಗನಿಗೆ ಆರ್ಡರ್ ತಪ್ಪಿದ್ದು ಆ ಸೆಕೆಂಡಿನಲ್ಲೇ.

ಭಾಮೈದ ಒಂದು ಉಪಾಯ ಕೊಟ್ಟರು. ಈ ನಿಯಮ ಕಂಪನಿಗಳಿಗೆ ತಾನೇ, ಪ್ರೈವೇಟ್ ಲಿಮಿಟೆಡ್ ಬಿಟ್ಟು ಮತ್ತೆ ಪಾರ್ಟ್ನರ್‌ಶಿಪ್ ಆಗಿಬಿಡೋಣ ಅಂತ. ಫ್ಯಾಕ್ಟರಿ ಬೆಳೆದಿದೆ ಅಂತ ಶುರುವಾದ ಮೀಟಿಂಗ್, ಫ್ಯಾಕ್ಟರಿಯನ್ನು ಚಿಕ್ಕದು ಮಾಡುವುದು ಹೇಗೆ ಅನ್ನುವಲ್ಲಿಗೆ ಬಂತು. ಆಡಿಟರ್ ಫೋನಿನಲ್ಲೇ ನಕ್ಕು ಇಟ್ಟರಂತೆ.

ಕೊನೆಗೆ ಯಾವುದು ತಗೊಂಡರು? ಅದು ಮುಖ್ಯ ಅಲ್ಲ, ನಿಜವಾಗಿಯೂ ಅಲ್ಲ. ಯಾವುದೋ ಒಂದು. ಆದರೆ ಯೂಸರ್ ಲೆಕ್ಕದಲ್ಲಿ ದುಡ್ಡು ಅಂದಾಗ ಯಜಮಾನರೊಳಗಿನ ವ್ಯಾಪಾರಿ ಎದ್ದು ಕೂತರು. ಅಕೌಂಟ್ಸ್‌ಗೆ ಒಂದು, ಸ್ಟೋರ್ಸ್‌ಗೆ ಒಂದು, ಪರ್ಚೇಸ್‌ಗೆ, ಡಿಸ್ಪ್ಯಾಚ್‌ಗೆ, ಕ್ವಾಲಿಟಿಗೆ ಅಂತ ತಗೊಳ್ಳೋಕೆ ನಮಗೇನು ಹುಚ್ಚಾ? ಒಂದೇ ಲಾಗಿನ್ ಸಾಕು. ಹೆಸರು ಅಡ್ಮಿನ್. ಪಾಸ್‌ವರ್ಡ್ ಮಾನಿಟರ್ ಅಂಚಿಗೆ ಅಂಟಿಸಿದ ಹಳದಿ ಚೀಟಿಯಲ್ಲಿದೆ, ಸೆಕ್ಯುರಿಟಿಯವರಿಗೂ ಬಾಯಿಪಾಠ. ಸ್ಟೋರ್ಸ್‌ನ ಹಿರಿಯರು ಹಗಲೆಲ್ಲ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ, ಸಂಜೆ ಒಬ್ಬ ಟ್ರೈನಿ ಹುಡುಗ ಅದನ್ನು ನೋಡಿಕೊಂಡು ಅಡ್ಮಿನ್ ಆಗುತ್ತಾನೆ. ಅಕೌಂಟ್ಸ್ ಮೇಡಂ ಎಕ್ಸ್‌ಪೋರ್ಟ್ ಬಟನ್ ಒತ್ತಿ ಎಲ್ಲವನ್ನೂ ಎಕ್ಸೆಲ್‌ಗೆ ಇಳಿಸಿಕೊಂಡು, ಅಲ್ಲಿ ಸರಿ ಮಾಡಿ, ಅಡ್ಮಿನ್ ಆಗಿ ವಾಪಸ್ ಏರಿಸುತ್ತಾರೆ. ರಾತ್ರಿ ಯಜಮಾನರು ಅಡ್ಮಿನ್.

ವರ್ಷದ ಕೊನೆಗೆ ಆಡಿಟರ್ ಬಂದರು. ಕಾನೂನು ಹೇಳಿದಂತೆ ಎಡಿಟ್ ಲಾಗ್ ಒಂದು ಸೆಕೆಂಡೂ ತಪ್ಪದೆ ಕೂತಿತ್ತು. ಕನ್ನಡಕ ಏರಿಸಿ, ಪುಟ ಇಳಿಸುತ್ತಾ ಇಳಿಸುತ್ತಾ ಅರ್ಧ ಗಂಟೆ ನೋಡಿದರು. ಆಮೇಲೆ ಯಜಮಾನರ ಕಡೆ ತಿರುಗಿದರು.

‘ಯಾರ್ರೀ ಇದು ಅಡ್ಮಿನ್ ಅಂದ್ರೆ? ಬೆಳಿಗ್ಗೆ ಗೇಟಲ್ಲೂ ಇದ್ದಾರೆ, ಮಧ್ಯಾಹ್ನ ಬ್ಯಾಂಕ್ ಎಂಟ್ರಿನೂ ಹಾಕಿದ್ದಾರೆ, ರಾತ್ರಿ ಹನ್ನೊಂದೂವರೆಗೆ ಸ್ಟಾಕ್ ತಿದ್ದಿದ್ದಾರೆ. ಭಾನುವಾರನೂ ಬಿಟ್ಟಿಲ್ಲ. ಇವರಿಗೆ ಓಟಿ ಆದ್ರೂ ಕೊಡ್ತೀರಾ ಇಲ್ವಾ?’