ಸತ್ಯಾಂಶ: ದೃಷ್ಟಿದೋಷವಿರುವ ಮಗುವಿಗೆ ಊರಿನ ಶಾಲೆಯಲ್ಲೂ ಹಕ್ಕಿದೆ

“ಶೇ. 40ಕ್ಕಿಂತ ಹೆಚ್ಚು ದೃಷ್ಟಿದೋಷವಿರುವ ಮಕ್ಕಳನ್ನು ಸಾಮಾನ್ಯ ಶಾಲೆಗೆ ಸೇರಿಸುವಂತಿಲ್ಲ, ಅಂಧರ ಶಾಲೆಗೇ ಕಳುಹಿಸಬೇಕು” ಎಂಬ ಸಂದೇಶ ಗದಗ, ಹಾವೇರಿ ಭಾಗದ ಪಾಲಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಸುಳ್ಳು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 31ನೇ ಕಲಮಿನ ಪ್ರಕಾರ, ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವಿರುವ 6ರಿಂದ 18 ವರ್ಷದ ಮಗು ಹತ್ತಿರದ ಶಾಲೆಯಲ್ಲಾಗಲಿ, ತಾನು ಬಯಸಿದ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಕಲಿಯಬಹುದು.

ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳು ಸಂಗೀತ ಕಲಿತು ಬೆಳೆದದ್ದನ್ನು ಕಂಡ ಗದಗಿನವರಿಗೆ ಈ ಸಂದೇಶ ನಿಜವೆನಿಸುವುದು ಸಹಜ. ಆದರೆ ಆ ಪರಂಪರೆಯ ಮೇಲಿನ ನಮ್ಮ ಗೌರವವು ರೋಣದ ಅಥವಾ ಸವಣೂರಿನ ಮಗುವೊಂದನ್ನು ಊರಿನ ಶಾಲೆಯಿಂದ ಹಿಂದಕ್ಕೆ ಕಳುಹಿಸಲು ನೆಪವಾಗಬಾರದು.

ತರಗತಿಯಲ್ಲಿ ಬೇಕಾದ ಬದಲಾವಣೆಗಳು ಜನರು ಊಹಿಸುವಷ್ಟು ದೊಡ್ಡವಲ್ಲ. ಶಿಕ್ಷಕರು ಹಲಗೆಯತ್ತ ಬೆರಳು ತೋರಿಸಿ “ಇದಕ್ಕೆ ಇದನ್ನು ಕೂಡಿಸಿ” ಎಂದರೆ ಕಾಣದ ಮಗುವಿಗೆ ಏನೂ ತಿಳಿಯುವುದಿಲ್ಲ. “ಹದಿನೇಳಕ್ಕೆ ಎಂಟನ್ನು ಕೂಡಿಸಿ” ಎಂದು ಬರೆಯುತ್ತಲೇ ಹೇಳಿದರೆ ಅದೇ ಲೆಕ್ಕ ಆ ಮಗುವಿಗೂ ತಲುಪುತ್ತದೆ. ಅಲ್ಪದೃಷ್ಟಿಯ ಮಗು ಪುಸ್ತಕವನ್ನು ಮುಖದ ಹತ್ತಿರ ಹಿಡಿದು ಓದಿದರೆ ಕಣ್ಣು ಕೆಡುತ್ತದೆ ಎಂಬುದೂ ತಪ್ಪು ತಿಳಿವಳಿಕೆಯೇ, ಆದ್ದರಿಂದ ಅದಕ್ಕಾಗಿ ಮಗುವನ್ನು ಗದರಿಸಬಾರದು.

ಪರೀಕ್ಷೆಯಲ್ಲಿ ಲಿಪಿಕಾರರ (ಮಗು ಹೇಳಿದ ಉತ್ತರವನ್ನು ಬರೆಯುವವರ) ನೆರವು ಮತ್ತು ಹೆಚ್ಚುವರಿ ಸಮಯವನ್ನು ಇದೇ ಕಾಯ್ದೆಯ 17ನೇ ಕಲಂ ಹೆಸರಿಸುತ್ತದೆ. ಶಾಲೆ ಹಿಂಜರಿದರೆ ಪಾಲಕರು ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ ಹೋಗಿ, ಸಮನ್ವಯ ಶಿಕ್ಷಣದ (ವಿಕಲಚೇತನ ಮಕ್ಕಳಿಗೆ ಇತರರೊಂದಿಗೇ ಕಲಿಸುವ ವ್ಯವಸ್ಥೆಯ) ಸಂಪನ್ಮೂಲ ಶಿಕ್ಷಕರನ್ನು ಕಾಣಬೇಕು.