ಪದವಿಲ್ಲದ ಬಾಲ್ಕನಿಗಳು

ಪೋರ್ಚುಗೀಸರಿಗೆ ‘ಸೌದಾದ್’ ಎಂಬ ಪದದ ಮೇಲೆ ಭಾರೀ ಹೆಮ್ಮೆ. ದೂರವಾದದ್ದರ ಹಂಬಲವಂತೆ, ಬೇರೆ ಭಾಷೆಗೆ ಇಳಿಯುವುದೇ ಇಲ್ಲವಂತೆ. ಆದರೆ ಕಾಫಿ ಮಗ್ಗಿನ ಮೇಲೆ ಸಲೀಸಾಗಿ ಇಳಿಯುತ್ತದೆ. ಮಗ್ ಕೊಂಡ ಪ್ರವಾಸಿ ಲಿಸ್ಬನ್ನಿನ ರೋಸಿಯೋ ನಿಲ್ದಾಣದಲ್ಲಿ ರೈಲು ಹತ್ತಿ ಸಿಂತ್ರಾದ ಅರಮನೆ ನೋಡಲು ಹೊರಡುತ್ತಾನೆ. ನಡುವೆ ಅಮದೋರಾ, ಕೆಲೂಶ್, ಕಸೇಂ ಎಂಬ ಉಪನಗರಗಳು ಬರುತ್ತವೆ. ಆಗ ಅವನು ಮೊಬೈಲ್ ನೋಡುತ್ತಾನೆ.

ಕಿಟಕಿಯಾಚೆ ಕಾಣುವುದಕ್ಕೆ ಪದವೇ ಇಲ್ಲ, ಪಾಪ. ಅದಕ್ಕೇ ನಾನೇ ಒಂದು ಹುಟ್ಟಿಸಿದ್ದೇನೆ: ‘ಮರ್ಕಿಝಾದ್’. ಅಲ್ಲಿ ಮರ್ಕೀಝ್ ಅಂದರೆ ಅಲ್ಯೂಮಿನಿಯಂ ಚೌಕಟ್ಟು, ಗಾಜು ಹಾಕಿ ಮುಚ್ಚಿದ ಬಾಲ್ಕನಿ. ಬಾಲ ಸೌದಾದ್‌ನಿಂದ ಕದ್ದದ್ದು. ಎಂಟು ಮಹಡಿ, ಮಹಡಿಗೊಂದು ಬಣ್ಣದ ಚೌಕಟ್ಟು, ಒಂದರಲ್ಲಿ ವಾಷಿಂಗ್ ಮೆಷಿನ್, ಇನ್ನೊಂದರಲ್ಲಿ ಗಾಳಿ ಹೋದ ಸೈಕಲ್. ಇದನ್ನೆಲ್ಲ ಕಂಡಾಗ ಹೊಟ್ಟೆಯಲ್ಲಿ ಏನೋ ಆಗುತ್ತದಲ್ಲ, ಅದು.

ನಮ್ಮ ವರಾಂಡ ಅವರ ಬಾಯಲ್ಲಿ ‘ವರಾಂದ’. ಯಾರು ಯಾರಿಂದ ಕಲಿತರು ಅಂತ ಪಂಡಿತರು ಜಗಳವಾಡಲಿ. ಮುಚ್ಚುವುದರಲ್ಲಿ ಮಾತ್ರ ನಾವಿಬ್ಬರೂ ಒಂದೇ ಗೋತ್ರ. (ಬೆಂಗಳೂರಿನಲ್ಲಿ ನಮ್ಮನೆ ಬಾಲ್ಕನಿಗೂ ಗ್ರಿಲ್ ಇದೆ. ಪಾರಿವಾಳದ ಕಾಟ ಅಂತ ಸುಮ್ನೆ ಒಂದು ನೆಪ.)

ಪೋರ್ಚುಗಲ್ಲಿನಲ್ಲಿ ಕಾನೂನಿಲ್ಲ ಅಂದುಕೊಳ್ಳಬೇಡಿ. ಕಟ್ಟಡದ ಹೊರ ಅಂದ ಬದಲಿಸಲು ಅದರ ಒಟ್ಟು ಮೌಲ್ಯದಲ್ಲಿ ಮೂರನೇ ಎರಡರಷ್ಟು ಪಾಲಿರುವ ಮಾಲೀಕರು ಸಭೆಯಲ್ಲಿ ಒಪ್ಪಬೇಕು. ಬೇಡ ಅನ್ನಲು ಯಾರಿದ್ದಾರೆ? ಸಭೆಗೆ ಬರುವವರೂ ತಮ್ಮದನ್ನು ಮುಚ್ಚಿ, ಬೀಗ ಹಾಕಿಯೇ ಬರುತ್ತಾರೆ. ವಾಸ್ತುಶಿಲ್ಪಿಗಳಲ್ಲದವರೂ ಕಟ್ಟಡದ ನಕ್ಷೆಗೆ ಸಹಿ ಹಾಕಬಹುದು ಎಂದು 1973ರಲ್ಲಿ ಒಂದು ಆಜ್ಞೆ ಬಂತು. ಅದನ್ನು ರದ್ದು ಮಾಡಲು 2009ರವರೆಗೆ ಪುರುಸೊತ್ತಾಗಲಿಲ್ಲ. ಅನುಮತಿಯೇ ಇಲ್ಲದೆ ಎದ್ದ ಬಡಾವಣೆಗಳಿಗೆ 1995ರ ಕಾನೂನು ಇಟ್ಟ ಹೆಸರಂತೂ ಕಾವ್ಯ: ‘ಅಕ್ರಮ ಹುಟ್ಟಿನ ನಗರ ಪ್ರದೇಶ’. ಜಾತಕದಲ್ಲಿ ದೋಷವಿದೆ, ಆದರೂ ಮಗು ನಮ್ಮದೇ!

2021ರಲ್ಲಿ ಫುಟ್‌ಬಾಲಿಗ ರೊನಾಲ್ಡೊನ ಲಿಸ್ಬನ್ ಫ್ಲ್ಯಾಟಿನ ತಾರಸಿ ಮೇಲೆ ಒಂದು ಗಾಜಿನ ಕೋಣೆ ಎದ್ದಿತು. ಕಟ್ಟಡದ ವಾಸ್ತುಶಿಲ್ಪಿ ಎಲ್ಲರೆದುರೇ ನೊಂದುಕೊಂಡರು. ಪತ್ರಿಕೆಗಳಿಗೆ ಹಬ್ಬ. ಮರ್ಕೀಝ್ ಎಂದರೆ ಅಸಹ್ಯ ಅಂತ ದೇಶಕ್ಕೆ ಆಗ ಹೊಳೆಯಿತು. ಅಮದೋರಾದ ಯಾವುದೋ ಅಜ್ಜಿ ತನ್ನ ಮರ್ಕೀಝ್‌ನೊಳಗೆ ಬಟ್ಟೆ ಹರವುತ್ತಾ ಟಿವಿಯಲ್ಲಿ ಆ ಸುದ್ದಿ ನೋಡಿರಬೇಕು. ನಲವತ್ತು ವರ್ಷದಿಂದ ಅವಳದ್ದೂ ಅಲ್ಲೇ ಇದೆ. ಒಂದು ಕ್ಯಾಮೆರಾನೂ ಬಂದಿಲ್ಲ.