ಲಾವಣಿ ಕಾರು

ಐವತ್ತನೆಯ ವಯಸ್ಸಿನಲ್ಲಿ ಸ್ಪೋರ್ಟ್ಸ್ ಕಾರಿನ ಆಸೆ ಹುಟ್ಟಿದೆ ಎಂಬುದನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳಲು ನನಗೆ ಎರಡು ವರ್ಷ ಹಿಡಿಯಿತು. ಹೇಳಿದಾಗ ಹೆಂಡತಿ ಕೇಳಿದ್ದು ಒಂದೇ ಮಾತು: "ಎರಡೇ ಸೀಟು ಅಂದ್ರ ಮಕ್ಕಳನ್ನ ಎಲ್ಲಿ ಕೂಡಸ್ತೀರಿ?" ಇದಕ್ಕೆ ಉತ್ತರವಿಲ್ಲದ ಕಾರಣ ನಾನು ಚರ್ಚೆಯನ್ನು ತೆರಿಗೆಯ ಕಡೆಗೆ ತಿರುಗಿಸಿದೆ. ಬೆಳಗಾವಿಯ ಉದ್ಯಮಬಾಗದಲ್ಲಿ ನನ್ನದೊಂದು ಮಷೀನ್ ಶಾಪ್ ಇದೆ. ಕಾರನ್ನು ಕೊಳ್ಳದೆ ನಾಲ್ಕು ವರ್ಷಕ್ಕೆ ಲೀಸಿಗೆ (ಹೊಲವಾದರೆ ನಮ್ಮ ಕಡೆ ಲಾವಣಿ ಎನ್ನುತ್ತೇವೆ) ತೆಗೆದುಕೊಂಡರೆ ಬಾಡಿಗೆಯನ್ನು ವ್ಯವಹಾರದ ಖರ್ಚಿಗೆ ಹಾಕಬಹುದೆಂದು ನಮ್ಮ ಲೆಕ್ಕಪರಿಶೋಧಕರು ಹೇಳಿದ್ದರು. ಆದರೆ 2025ರ ಸೆಪ್ಟೆಂಬರ್ 22ರಿಂದ ಇಂಥ ಕಾರುಗಳ ಮೇಲೆ ಶೇ. 40ರಷ್ಟು ಜಿಎಸ್‌ಟಿ ಇದೆ, ಲೀಸಿನ ಬಾಡಿಗೆಗೂ ಅದೇ ದರ, ಕಟ್ಟಿದ್ದರಲ್ಲಿ ಒಂದು ಪೈಸೆಯೂ ಇನ್‌ಪುಟ್ ಕ್ರೆಡಿಟ್ ಆಗಿ ಮರಳುವುದಿಲ್ಲ ಎಂಬುದನ್ನು ಅವರು ಚಹಾ ಮುಗಿದ ಮೇಲೆ ಹೇಳಿದರು. ತಿಂಗಳಿಗೆ 1 ಲಕ್ಷ 65 ಸಾವಿರ ಬಾಡಿಗೆ, ಅದರ ತಲೆಯ ಮೇಲೆ 66 ಸಾವಿರ ತೆರಿಗೆ.

ಪುಣೆಯಿಂದ ಕಂಪನಿಯ ಪ್ರತಿನಿಧಿ ಪ್ರದರ್ಶನದ ಕಾರನ್ನು ತಾನೇ ಓಡಿಸಿಕೊಂಡು ಬಂದ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹಕ್ಕಿಯಂತೆ ಹಾರಿ ಬಂದ ಆ ಕಾರು ಟಿಳಕವಾಡಿಯ ನಮ್ಮ ಓಣಿಯ ಉಬ್ಬಿಗೆ ಬಂದು ಕೂತಿತು. ರಸ್ತೆ ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುತ್ತದೆ. ನಮ್ಮದು, ಯಾರದೋ ಮನೆಯ ಸ್ಲ್ಯಾಬಿಗೆ ಹಾಕಿ ಉಳಿದ ಕಾಂಕ್ರೀಟಿನಲ್ಲಿ ಓಣಿಯವರು ಒಂದೇ ರಾತ್ರಿಯಲ್ಲಿ ಎಬ್ಬಿಸಿದ್ದು. ಕಾರಿನ ಹೊಟ್ಟೆಗೂ ನೆಲಕ್ಕೂ ಇದ್ದ ಅಂತರ 12 ಸೆಂಟಿಮೀಟರ್. ರೊಟ್ಟಿಯ ಹಂಚನ್ನು ಕಲ್ಲಿನ ಮೇಲೆ ಎಳೆದಂಥ ಸದ್ದಾಯಿತು. ಪ್ರತಿನಿಧಿ ಇಳಿದು, ಟೈ ಸಮೇತ ರಸ್ತೆಯ ಮೇಲೆ ಉದ್ದಕ್ಕೆ ಮಲಗಿ ಕೆಳಗೆ ಇಣುಕಿದ. ಎದುರು ಮನೆಯ ಅಜ್ಜಿ ಅವನು ದೀಡ ನಮಸ್ಕಾರ ಹಾಕುತ್ತಿದ್ದಾನೆಂದು ತಿಳಿದು ಒಂದು ತಂಬಿಗೆ ನೀರು ತಂದಿಟ್ಟರು.

ಹಲ್ಲು ತೋರಿಸಲೆಂದು ಬೈಲಹೊಂಗಲದಿಂದ ಬಂದಿದ್ದ ಕಾಕಾ ಅಂದು ನಮ್ಮ ಮನೆಯಲ್ಲೇ ಇದ್ದರು. ಪ್ರತಿನಿಧಿ ಟ್ಯಾಬಿನಲ್ಲಿ ಒಂದೊಂದೇ ಆಯ್ಕೆಯನ್ನು ತೋರಿಸುತ್ತಾ ಹೋದ. ಕೆಂಪು ಬ್ರೇಕ್ ಕ್ಯಾಲಿಪರ್, ಕಾರ್ಬನ್ ಫೈಬರ್ ಹೊದಿಕೆ, ಸದ್ದು ಹೆಚ್ಚಿಸುವ ಸೈಲೆನ್ಸರ್ (ಸದ್ದು ಹೆಚ್ಚಾಯಿತೆಂದು ನಾವು ಬುಲೆಟ್ ಬೈಕಿಗೆ ದಂಡ ಕಟ್ಟಿದ ಊರು ಇದು), ಹೊಲಿಗೆಯ ದಾರಕ್ಕೆ ಬೇರೆ ಬಣ್ಣ. ನಾನು ಎಲ್ಲದಕ್ಕೂ ತಲೆಯಾಡಿಸಿದೆ. ಒಟ್ಟು 12 ಲಕ್ಷವಾಯಿತು.

"ನಾಲ್ಕು ವರ್ಷ ಆದಮ್ಯಾಲ ಇವನೆಲ್ಲಾ ಬಿಚ್ಚಿಕೊಂಡ ಬರಬಹುದೇನು?" ಎಂದರು ಕಾಕಾ.

ಇಲ್ಲ, ಎಲ್ಲವೂ ಕಾರಿನ ಜೊತೆಗೇ ಹೋಗುತ್ತವೆ. ಲೀಸಿನ ಕೊನೆಯಲ್ಲಿ ಕಾರಿಗೆ ಹಿಡಿಯುವ ಬೆಲೆಯಲ್ಲಿ ಇವುಗಳ ಲೆಕ್ಕ ಬರುವುದಿಲ್ಲ, ಆದ್ದರಿಂದ ಇವುಗಳ ಪೂರ್ತಿ ಹಣ ಬಾಡಿಗೆಯಲ್ಲೇ ವಸೂಲಾಗುತ್ತದೆ ಎಂದು ಪ್ರತಿನಿಧಿ ಬಹಳ ವಿನಯದಿಂದ ವಿವರಿಸಿದ.

ಕಾಕಾ ನನ್ನತ್ತ ತಿರುಗಿದರು. "ಲಾವಣಿ ಹೊಲದಾಗ ಸ್ವಂತ ರೊಕ್ಕದಲೆ ಬಾವಿ ತೋಡಸ್ತಾರೇನೋ ತಮ್ಮಾ? ಹೊಲ ಬಿಡೂ ಮುಂದ ಬಾವಿ ಹೊತಗೊಂಡ ಬರ್ತೀಯೇನು?"

ನಲವತ್ತು ವರ್ಷ ಹೊಲ ಲಾವಣಿ ಕೊಟ್ಟು, ತೆಗೆದುಕೊಂಡು ಬಂದ ಮನುಷ್ಯನ ಮುಂದೆ ಕಾರ್ಬನ್ ಫೈಬರಿನ ಪರ ವಾದಿಸುವುದು ನನ್ನಿಂದಾಗಲಿಲ್ಲ. ಒಂದೊಂದೇ ಬಾವಿಯನ್ನು ಮುಚ್ಚಿಸುತ್ತಾ ಬಂದೆವು. ಕಡೆಗೆ ಉಳಿದದ್ದು, ಗುಂಡಿ ಒತ್ತಿದರೆ ಕಾರಿನ ಮೂತಿಯನ್ನು 40 ಮಿಲಿಮೀಟರ್ ಮೇಲೆತ್ತುವ ಸಾಧನ ಒಂದೇ. ಅದಿಲ್ಲದಿದ್ದರೆ ಕಾರು ಮನೆ ಮುಟ್ಟುವುದಿಲ್ಲವಾದ್ದರಿಂದ ಕಾಕಾ ಅದಕ್ಕೆ ಒಪ್ಪಿಗೆ ಕೊಟ್ಟರು.

ಆಮೇಲೆ ಬೆಲೆಯ ಮಾತು. ಕಾಕಾ ಹೆಗಲ ಮೇಲಿನ ಟವೆಲನ್ನು ತಮ್ಮ ಮುಂಗೈ ಮೇಲೆ ಹರಡಿ, ಅದರಡಿಯಲ್ಲಿ ಪ್ರತಿನಿಧಿಯ ನಾಲ್ಕು ಬೆರಳುಗಳನ್ನು ಗಟ್ಟಿಯಾಗಿ ಹಿಡಿದರು. ಬಟ್ಟೆಯಡಿ ಬೆರಳು ಹಿಡಿದು ದರ ಹೇಳುವ ದನದ ಸಂತೆ ಕಾಣದ ಹುಡುಗ ಅದನ್ನು ಹಸ್ತಲಾಘವವೆಂದುಕೊಂಡು ಎರಡು ಸಲ ಕುಲುಕಿ, "ಥ್ಯಾಂಕ್ಯೂ ಸರ್" ಎಂದ. "ನಾಲ್ಕು ಲಕ್ಷ ಬಿಟ್ಟಾನ, ಎಲಿ ಅಡಕಿ ತರ್ರಿ," ಎಂದು ಕಾಕಾ ಒಳಗೆ ಕೂಗಿದರು. ಆ ನಾಲ್ಕು ಲಕ್ಷ ಏನೆಂದು ಹುಡುಗನಿಗೆ ತಿಳಿಯಪಡಿಸಲು ಅರ್ಧ ಗಂಟೆ ಬೇಕಾಯಿತು. ಕೊನೆಗೆ ಪುಣೆಗೆ ಎರಡು ಫೋನು ಮಾಡಿ ಒಂದೂವರೆ ಲಕ್ಷಕ್ಕೆ ಇಳಿದ. ಅವನಿಗೆ ಒಂದು ಕಿಲೋ ಕುಂದಾ ಕಟ್ಟಿಕೊಟ್ಟು, ಉಬ್ಬಿನ ಎರಡೂ ಬದಿಗೆ ಮರಳಿನ ಚೀಲ ಹಾಸಿ, ಕಾರನ್ನು ದಾಟಿಸಿದೆವು.

ಕಾರು ಬರಲು ಇನ್ನೂ ಐದು ತಿಂಗಳಿದೆ. ಪ್ರತಿ ಸೋಮವಾರ ಬೈಲಹೊಂಗಲದಿಂದ ಫೋನು ಬರುತ್ತದೆ. ಕಾಕಾ ಕಾರು ಬಂತೇ ಎಂದು ಕೇಳುವುದಿಲ್ಲ.

"ತಮ್ಮಾ, ನೀರ ಬಿತ್ತೇನೋ?"